ವ್ಯಂಜನ ಬಲ್ಲ ಗಿಟಾರ್

ಈ ಮೇಜಿನ ಮೇಲೆ ನನಗೆ ಕುಡಿಯಲು ನೀರು ಇಟ್ಟಿದ್ದಾರೆ, ಸ್ಟೀಲ್ ಲೋಟದಲ್ಲಿ. ಮಾತು ಇದರಿಂದಲೇ ಶುರುವಾಗಲಿ. ಚಮಚದಿಂದ ಲೋಟದ ಅಂಚನ್ನು ಒಮ್ಮೆ ತಟ್ಟುತ್ತೇನೆ. ಕೇಳಿಸಿತೇ? ಈಗ ತೋರುಬೆರಳಿನ ತುದಿಯಿಂದ, ಉಗುರು ತಾಗದಂತೆ, ಅದೇ ಜಾಗದಲ್ಲಿ ತಟ್ಟುತ್ತೇನೆ. ಲೋಟ ಬದಲಾಗಿಲ್ಲ, ನೀರು ಹೆಚ್ಚು ಕಡಿಮೆಯಾಗಿಲ್ಲ, ಶ್ರುತಿಯೂ ಅದೇ. ಆದರೂ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತವರು ಕೂಡ ಇದು ಚಮಚ, ಇದು ಬೆರಳು ಎಂದು ಹೇಳಬಲ್ಲರು. ನಾದ ಹುಟ್ಟುವ ಆ ಮೊದಲ ಗಳಿಗೆಯಲ್ಲಿಯೇ ಕಿವಿಗೆ ಎಷ್ಟೊಂದು ಗೊತ್ತಾಗಿಬಿಡುತ್ತದೆ!

ನಾನು ಇಂದು ಮಾತನಾಡಲು ಬಂದಿರುವುದು ಆ ಮೊದಲ ಗಳಿಗೆಯ ಬಗ್ಗೆ, ಮತ್ತು ಅದನ್ನು ಒಂದು ಕಲೆಯಾಗಿ ಬೆಳೆಸಿದ ಮಾರ್ಕ್ ನಾಫ್ಲರ್ ಬಗ್ಗೆ. ಹುಟ್ಟಿದ್ದು 1949ರಲ್ಲಿ, ಗ್ಲಾಸ್ಗೊದಲ್ಲಿ. ‘ಡೈರ್ ಸ್ಟ್ರೇಟ್ಸ್’ ಎಂಬ ಬ್ರಿಟಿಷ್ ರಾಕ್ ತಂಡವನ್ನು ಕಟ್ಟಿದವರು, ಅದರ ಹಾಡುಗಾರ, ಹಾಡುಗಳನ್ನು ಬರೆದವರು, ಮುಖ್ಯ ಗಿಟಾರ್ ವಾದಕ. ಅವರ ಗಿಟಾರಿನ ಟೋನ್ ಬಗ್ಗೆ ಕೇಳಿದರೆ ಜನ ಸಾಮಾನ್ಯವಾಗಿ ಯಾವ ಗಿಟಾರ್, ಯಾವ ಆಂಪ್ಲಿಫೈಯರ್, ದನಿ ಬದಲಿಸಲು ಕಾಲಿನಿಂದ ಒತ್ತುವ ಯಾವ ಪೆಡಲ್ ಎಂದು ಲೆಕ್ಕ ಹಾಕುತ್ತಾರೆ. ಅದೂ ಬೇಕು, ಆ ಸಾಮಾನುಗಳ ವಿಷಯಕ್ಕೂ ಬರುತ್ತೇನೆ. ಆದರೆ ಕನ್ನಡದಲ್ಲಿ ಮಾತನಾಡುವ ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಅನುಕೂಲವಿದೆ. ‘ಸ್ವರ’ ಎಂದರೆ ನಮ್ಮಲ್ಲಿ ಸರಿಗಮದ ಸ್ವರವೂ ಹೌದು, ಅ ಆ ಇ ಈ ಎಂಬ ಸ್ವರವೂ ಹೌದು. ಹಾಗಿದ್ದರೆ ಸಂಗೀತದಲ್ಲಿ ವ್ಯಂಜನ ಯಾವುದು? ಸ್ವರ ಹೊರಡುವ ಮುನ್ನ ತಂತಿಗೆ ಆಗುವ ಸ್ಪರ್ಶವೇ ವ್ಯಂಜನ. ಮೀಟು. ರಾಕ್ ಸಂಗೀತದ ಬಹುಪಾಲು ಗಿಟಾರ್ ವಾದಕರು ಸ್ವರವನ್ನು ಹಿಗ್ಗಿಸಿದರು, ಉದ್ದ ಎಳೆದರು, ಅದಕ್ಕೆ ಬೆಂಕಿ ಹಚ್ಚಿದರು. ನಾಫ್ಲರ್ ಕೈಯಿಟ್ಟದ್ದು ವ್ಯಂಜನಕ್ಕೆ. ಅವರ ಗಿಟಾರ್ ‘ಮಾತನಾಡುತ್ತದೆ’ ಎಂದು ಜಗತ್ತಿನಾದ್ಯಂತ ಜನ ಹೇಳುವುದರ ಹಿಂದಿನ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ, ಮೈಸೂರಿನ ನನ್ನ ಸೋದರತ್ತೆಯಿಂದ ತಿಳಿದದ್ದು. ಎಂಬತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿದ್ದಾಗ, ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ ಒಂದನ್ನು ಗೆಳೆಯನಿಂದ ತಂದು ಸವೆಯುವವರೆಗೂ ಕೇಳುತ್ತಿದ್ದೆ. ರಜೆಯಲ್ಲಿ ಅತ್ತೆಯ ಮನೆಗೆ ಹೋದಾಗಲೂ ಅದು ಚೀಲದಲ್ಲಿತ್ತು. ಅತ್ತೆ ವೀಣೆ ನುಡಿಸುತ್ತಿದ್ದರು, ಮಕ್ಕಳಿಗೆ ಪಾಠವನ್ನೂ ಹೇಳುತ್ತಿದ್ದರು. ಇಂಗ್ಲಿಷ್ ಹಾಡುಗಳೆಂದರೆ ಅವರಿಗೆ ಏನೂ ಒಲವಿರಲಿಲ್ಲ. ಒಂದು ಮಧ್ಯಾಹ್ನ ಹಜಾರದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕುಳಿತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, “ಇದು ಕಡ್ಡಿಯಲ್ಲ, ಬೆರಳು. ಅವನು ಬರಿಯ ಬೆರಳಿನಲ್ಲಿ ಮೀಟುತ್ತಿದ್ದಾನೆ, ಅಲ್ಲವೇನೋ?” ಎಂದರು.

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಿಂದ ನಾನು ಅದೇ ಹಾಡುಗಳನ್ನು ಪ್ಲಾಸ್ಟಿಕ್ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಹಿಡಿದು ನುಡಿಸಲು ಹೆಣಗುತ್ತಿದ್ದೆ. ಸ್ವರಗಳೆಲ್ಲ ಸರಿಯಾಗಿ ಬೀಳುತ್ತಿದ್ದವು, ವೇಗವೂ ಬಂದಿತ್ತು, ಆದರೆ ಕ್ಯಾಸೆಟ್ಟಿನಲ್ಲಿದ್ದ ಆ ನುಡಿ ಬರುತ್ತಿರಲಿಲ್ಲ. ಚಿತ್ರದಲ್ಲಿಯೂ ಅವರ ಕೈಯನ್ನು ನೋಡದ ನನ್ನ ಅತ್ತೆ ಒಂದು ಹಾಡು ಮುಗಿಯುವುದರೊಳಗೆ ಕಂಡುಹಿಡಿದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರು ಎದ್ದು ಹೋಗಿ ವೀಣೆ ತಂದು, ಒಂದೇ ಸ್ವರವನ್ನು ಮೊದಲು ತೋರುಬೆರಳಿನಿಂದ, ನಂತರ ನಡುಬೆರಳಿನಿಂದ, ನಂತರ ಎರಡನ್ನೂ ಸೇರಿಸಿ ಮೀಟಿ ತೋರಿಸಿದರು. “ಕಡ್ಡಿಗೆ ಇರುವುದು ಒಂದೇ ಬಾಯಿ. ಬೆರಳಿಗೆ ಎಷ್ಟು ಬೇಕಾದರೂ ಇದೆ” ಎಂದರು.

ವೀಣೆ ಕಲಿತವರು ಇಲ್ಲಿ ಕೆಲವರಾದರೂ ಇದ್ದೀರಿ. ನಿಮಗೆ ಗೊತ್ತಿರುತ್ತದೆ, ಕೃತಿಯನ್ನು ನುಡಿಸುವಾಗ ಸಾಹಿತ್ಯದ ಅಕ್ಷರ ಎಲ್ಲಿ ಬರುತ್ತದೆಯೋ ಅಲ್ಲಿ ಮೀಟು ಬೀಳಬೇಕು ಎಂದು ಗುರುಗಳು ಹೇಳಿಕೊಡುತ್ತಾರೆ. ನಡುವಿನ ಎಳೆತವೆಲ್ಲ ಎಡಗೈಯ ಕೆಲಸ, ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಗಮಕ ಹುಟ್ಟಿಸುವುದು. ಬಲಗೈ ಅಕ್ಷರವನ್ನು ಹೇಳುತ್ತದೆ, ಎಡಗೈ ಅದನ್ನು ಹಾಡುತ್ತದೆ. ನಾಫ್ಲರ್ ಕರ್ನಾಟಕ ಸಂಗೀತ ಕಲಿತವರಲ್ಲ, ಅವರ ಬೇರುಗಳು ಬ್ಲೂಸ್, ಕಂಟ್ರಿ ಮತ್ತು ಸ್ಕಾಟ್ಲೆಂಡಿನ ಜನಪದದಲ್ಲಿವೆ. ಆದರೆ ಈ ಕೆಲಸದ ಹಂಚಿಕೆ ಮಾತ್ರ ಅವರ ಕೈಗಳಲ್ಲಿಯೂ ಹಾಗೆಯೇ ಇದೆ.

ಆ ಬಲಗೈಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಾನು ಈ ಗಿಟಾರಿನ ಮೇಲೆ ತೋರಿಸುತ್ತೇನೆ. ಉಂಗುರಬೆರಳು, ಕಿರುಬೆರಳು ಎರಡೂ ಗಿಟಾರಿನ ಮೈಮೇಲೆ ಊರಿಕೊಂಡಿರುತ್ತವೆ, ಲಂಗರು ಹಾಕಿದ ಹಾಗೆ. ಕೆಲಸ ಮಾಡುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರೇ. ಹೆಬ್ಬೆರಳು ತಂತಿಯನ್ನು ಕೆಳಮುಖವಾಗಿ ತಳ್ಳುತ್ತದೆ. ಅದರ ಮಾಂಸಲ ಭಾಗ ತಾಗುವುದರಿಂದ ನಾದ ದುಂಡಗೆ ಹೊರಡುತ್ತದೆ, ‘ಮ’ ಅಥವಾ ‘ಬ’ ಎಂದ ಹಾಗೆ. ತೋರುಬೆರಳು ಅದೇ ತಂತಿಯನ್ನು ಮೇಲಕ್ಕೆ ಸೆಳೆಯುತ್ತದೆ, ಅದು ‘ದ’. ಇನ್ನೂ ಜೋರಾಗಿ ಸೆಳೆದು ಬಿಟ್ಟರೆ ತಂತಿ ಹಿಂದಕ್ಕೆ ಹಾರಿ ಫ್ರೆಟ್ಟಿಗೆ, ಅಂದರೆ ಗಿಟಾರಿನ ಮೆಟ್ಟಿಲಿಗೆ, ಬಡಿಯುತ್ತದೆ, ಕೇಳಿ, ‘ಟ’! ಎರಡು ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಚಿವುಟಿದರೆ ಅದೊಂದು ಒತ್ತಕ್ಷರ. ಎಡಗೈ ತಂತಿಯನ್ನು ಪೂರ್ತಿ ಒತ್ತದೆ ಸುಮ್ಮನೆ ಮುಟ್ಟಿಕೊಂಡಿರುವಾಗ ಬಲಗೈ ಮೀಟಿದರೆ ಸ್ವರವೇ ಹುಟ್ಟುವುದಿಲ್ಲ, ‘ತ್’ ಎಂಬ ಅರ್ಧಾಕ್ಷರ ಮಾತ್ರ ಉಳಿಯುತ್ತದೆ. ಅವರ ನುಡಿಸಾಣಿಕೆಯಲ್ಲಿ ಇಂಥ ಅರ್ಧಾಕ್ಷರಗಳು ಎಷ್ಟಿವೆ ಎಂದು ಗಮನ ಕೊಟ್ಟು ಕೇಳಿದರೆ ಬೆರಗಾಗುತ್ತದೆ. ಪಿಕ್ ಹಿಡಿದು ಬರೆದುಕೊಂಡ ಸ್ವರಲಿಪಿಯಲ್ಲಿ ಅವು ಬಿಟ್ಟುಹೋಗುತ್ತವೆ. ಬಿಟ್ಟುಹೋದ ಕೂಡಲೇ ಮಾತು ತೊದಲುತ್ತದೆ.

ಈ ಕೈ ಅವರಿಗೆ ಹೇಗೆ ಬಂತು? ಅನುಕೂಲದಿಂದ ಬಂದದ್ದಲ್ಲ. ಅಪ್ಪ ಹಂಗೇರಿಯಿಂದ ಬಂದ ವಾಸ್ತುಶಿಲ್ಪಿ, ನಾಜಿಗಳ ಕಾಲದಲ್ಲಿ ಊರು ಬಿಟ್ಟವರು. ಅಮ್ಮ ಶಿಕ್ಷಕಿ. ಹುಡುಗನಿಗೆ ಏಳು ವರ್ಷವಾದಾಗ ಕುಟುಂಬ ಇಂಗ್ಲೆಂಡಿನ ಈಶಾನ್ಯ ಕರಾವಳಿಗೆ, ನ್ಯೂಕ್ಯಾಸಲ್ ಸಮೀಪದ ಬ್ಲೈತ್ ಎಂಬ ಊರಿಗೆ ಬಂತು. ಆಗಿನ ಬ್ರಿಟನ್ನಿನ ಹುಡುಗರಿಗೆಲ್ಲ ‘ಶ್ಯಾಡೋಸ್’ ತಂಡದ ಹ್ಯಾಂಕ್ ಮಾರ್ವಿನ್ ಕೈಯಲ್ಲಿದ್ದ ಕೆಂಪು ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿನ ಮೇಲೆ ಕಣ್ಣು. ಅದು ಮನೆಯವರಿಗೆ ಎಟುಕುವ ವಸ್ತುವಲ್ಲ. ಅಪ್ಪ 50 ಪೌಂಡ್ ಕೊಟ್ಟು ಒಂದು ಕೆಂಪು ಹಾಫ್ನರ್ ಗಿಟಾರ್ ಕೊಡಿಸಿದರು. ಅದಾದ ಮೇಲೆ ಆಂಪ್ಲಿಫೈಯರ್ ಕೂಡ ಬೇಕು ಎಂದು ಕೇಳಲು ಹುಡುಗನಿಗೆ ಬಾಯಿ ಬರಲಿಲ್ಲ. ಮನೆಯ ರೇಡಿಯೊಗೆ ಗಿಟಾರನ್ನು ಜೋಡಿಸಿ ನುಡಿಸಿದ. ರೇಡಿಯೊ ಕೆಟ್ಟಿತು.

ಮುಂದೆ ಪತ್ರಿಕೋದ್ಯಮ ಓದಿ, ಲೀಡ್ಸ್ ನಗರದ ‘ಯಾರ್ಕ್‌ಷೈರ್ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ವರದಿಗಾರರಾದರು. ಆಮೇಲೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ, ಲಂಡನ್ನಿಗೆ ಬಂದ ಮೇಲೆ ಒಂದು ಕಾಲೇಜಿನಲ್ಲಿ ಪಾಠ. ಮೊದಲ ಹಾಡು ಹೆಸರು ಮಾಡುವ ಹೊತ್ತಿಗೆ ಅವರಿಗೆ ಮೂವತ್ತು ಹತ್ತಿರವಾಗಿತ್ತು. ರಾಕ್ ಜಗತ್ತಿನಲ್ಲಿ ಅದು ತಡ. ಈ ತಡದಲ್ಲಿಯೇ ಅವರಿಗೆ ದಕ್ಕಿದ್ದು ಹೆಚ್ಚು. ವರದಿಗಾರನಾಗಿ ಓಡಾಡಿದವನಿಗೆ ಬೀದಿಯ ಜನ ಹೇಗೆ ಮಾತನಾಡುತ್ತಾರೆ, ಎಲ್ಲಿ ತಡೆಯುತ್ತಾರೆ, ಯಾವ ಪದವನ್ನು ನುಂಗುತ್ತಾರೆ ಎಂಬುದು ಕಿವಿಯಲ್ಲಿ ನಿಲ್ಲುತ್ತದೆ.

ಕೈಯ ವಿಷಯ ಹೇಳುತ್ತಿದ್ದೆ. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಒಂದು ರಾತ್ರಿ ಗೆಳೆಯರ ಜೊತೆ ಇದ್ದಾಗ ಅಲ್ಲಿದ್ದದ್ದು ಒಂದೇ ಒಂದು ಹಳೆಯ ಅಕೂಸ್ಟಿಕ್ ಗಿಟಾರ್. ಅದರ ಕತ್ತು ಸೊಟ್ಟಗಾಗಿತ್ತು. ಹೇಗಾದರೂ ನುಡಿಸುವಂತಾಗಲಿ ಎಂದು ಯಾರೋ ತೀರಾ ಸಣ್ಣ ತಂತಿಗಳನ್ನು ಬಿಗಿದಿದ್ದರು. ಪಿಕ್ ಹಿಡಿದು ನುಡಿಸಲು ಸಾಧ್ಯವೇ ಆಗಲಿಲ್ಲ, ಬೆರಳಿನಿಂದ ಮೀಟಿದಾಗ ಮಾತ್ರ ಅದು ಒಪ್ಪಿತು. ಗಿಟಾರಿನಲ್ಲಿ ತಮ್ಮ ದನಿ ಸಿಕ್ಕಿದ್ದು ಅಲ್ಲಿಯೇ ಎಂದು ನಾಫ್ಲರ್ ಆಮೇಲೆ ಹೇಳಿಕೊಂಡಿದ್ದಾರೆ. ಈ ಪ್ರಸಂಗವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಒಳ್ಳೆಯ ಗಿಟಾರ್ ಸಿಕ್ಕಿದ್ದರೆ ಅಂದು ರಾತ್ರಿ ಅವರು ಎಂದಿನಂತೆ ನುಡಿಸಿ ಮಲಗುತ್ತಿದ್ದರು.

ಇನ್ನು ಹೆಸರು ತಂದ ಆ ಮೊದಲ ಹಾಡು, ‘ಸುಲ್ತಾನ್ಸ್ ಆಫ್ ಸ್ವಿಂಗ್’. ಲಂಡನ್ನಿನ ಡೆಟ್ಫರ್ಡ್ ಪ್ರದೇಶದ ಒಂದು ಪಬ್ಬಿನಲ್ಲಿ, ಜನರೇ ಇಲ್ಲದ ಒಂದು ರಾತ್ರಿ, ಮಾಸಿದ ಬಟ್ಟೆ ತೊಟ್ಟ ಜಾಜ್ ತಂಡವೊಂದು ನುಡಿಸಿ ಮುಗಿಸಿ, “ನಾವು ಸ್ವಿಂಗ್ ಸಂಗೀತದ ಸುಲ್ತಾನರು” ಎಂದು ಹೇಳಿಕೊಂಡು ಹೊರಟಿತಂತೆ. ಅದನ್ನು ಕಂಡು ಬರೆದ ಹಾಡು. ಮೊದಲು ಅದನ್ನು ಕಟ್ಟಿದ್ದು ನ್ಯಾಷನಲ್ ಕಂಪನಿಯ ಲೋಹದ ಗಿಟಾರಿನ ಮೇಲೆ, ಬೇರೆ ಶ್ರುತಿಯಲ್ಲಿ. ಅವರಿಗೇ ಅದು ಸಪ್ಪೆ ಎನಿಸಿತ್ತು. 1977ರಲ್ಲಿ ಬಾಲ್ಯದ ಆಸೆಯ ಸ್ಟ್ರಾಟೊಕಾಸ್ಟರ್ ಕೊನೆಗೂ ಕೈಗೆ ಬಂತು. ಅದರ ಮೇಲೆ ನುಡಿಸಿದ ಕೂಡಲೇ ಹಾಡಿಗೆ ಜೀವ ಬಂದು, ಹೊಸ ಸ್ವರಸಂಯೋಜನೆಯೇ ಹುಟ್ಟಿಕೊಂಡಿತು. ಹಾಡು ಅದೇ, ಸಾಹಿತ್ಯ ಅದೇ, ವಾದ್ಯ ಬದಲಾದ ಮೇಲೆ ಹಾಡೇ ಬದಲಾಯಿತು. ಸಾಮಾನುಗಳ ವಿಷಯಕ್ಕೂ ಬರುತ್ತೇನೆ ಎಂದದ್ದು ಇದಕ್ಕೇ.

ಸ್ಟ್ರಾಟೊಕಾಸ್ಟರ್‌ನಲ್ಲಿ ಮೂರು ಪಿಕಪ್‌ಗಳಿರುತ್ತವೆ. ಪಿಕಪ್ ಎಂದರೆ ತಂತಿಯ ಕೆಳಗೆ ಕೂರುವ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದಾಗ ಕೆಳಗೆ ವಿದ್ಯುತ್ ಹುಟ್ಟುತ್ತದೆ. ಹಳೆಯ ಗಿಟಾರುಗಳಲ್ಲಿ ಯಾವ ಪಿಕಪ್ ಬೇಕೆಂದು ಆರಿಸುವ ಸ್ವಿಚ್ಚಿಗೆ ಮೂರೇ ಸ್ಥಾನ. ಆದರೆ ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಉಪಾಯವಾಗಿ ನಿಲ್ಲಿಸಿದರೆ ಎರಡು ಪಿಕಪ್ ಒಟ್ಟಿಗೆ ಕೆಲಸ ಮಾಡುತ್ತವೆ ಎಂದು ವಾದಕರು ಕಂಡುಕೊಂಡಿದ್ದರು. ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ಪಕ್ಕದ ಪಿಕಪ್ ತಂತಿಯ ಒಂದು ಕಡೆಯ ಕಂಪನವನ್ನು ಕೇಳುತ್ತದೆ, ನಡುವಿನದು ಇನ್ನೊಂದು ಕಡೆಯದನ್ನು. ಎರಡೂ ಬೆರೆತಾಗ ಕೆಲವು ಉಪಸ್ವರಗಳು ಒಂದನ್ನೊಂದು ಅಳಿಸಿ ಹಾಕುತ್ತವೆ. ಉಳಿಯುವುದು ತುಸು ಟೊಳ್ಳಾದ, ಗಾಜಿನಂತೆ ತಿಳಿಯಾದ, ಮೂಗಿನಿಂದ ಹೊರಟಂಥ ದನಿ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಹೆಸರು ಸಿದ್ಧವಾಗಿಯೇ ಇದೆ, ಅನುನಾಸಿಕ. ‘ಸುಲ್ತಾನ್ಸ್’ ಹಾಡಿನ ಗಿಟಾರ್ ಉದ್ದಕ್ಕೂ ಇದೇ ದನಿಯಲ್ಲಿದೆ. ಇಲ್ಲಿ ಕರ್ಕಶತೆ ಬೆರೆಸುವ ಪೆಡಲ್ ಇಲ್ಲ, ಮುಚ್ಚಿಡುವ ಗದ್ದಲವಿಲ್ಲ. ಬೆರಳು ತಂತಿಯನ್ನು ಮುಟ್ಟಿದ್ದು, ಬಿಟ್ಟದ್ದು, ತಪ್ಪಿ ಒರೆಸಿದ್ದು ಎಲ್ಲವೂ ಕೇಳುತ್ತದೆ. ದನಿಯನ್ನು ಇಷ್ಟು ಬೆತ್ತಲೆಯಾಗಿಡಲು ಧೈರ್ಯ ಬೇಕು.

ಆ ಕಾಲ ಎಂಥದ್ದು ಎಂಬುದನ್ನೂ ನೆನಪಿಡಿ. 1977ರ ಲಂಡನ್, ಪಂಕ್ ಸಂಗೀತದ ಅಬ್ಬರ. ಮೂರೇ ಸ್ವರಮೇಳ (ಕಾರ್ಡ್), ಕಿರುಚಾಟ, ಸಿಟ್ಟು. ಅದರ ನಡುವೆ ಮಾರ್ಕ್, ತಮ್ಮ ಡೇವಿಡ್, ಜೊತೆಗೆ ವಾಸವಿದ್ದ ಜಾನ್ ಇಲ್ಸ್‌ಲಿ, ಡ್ರಮ್ಸ್ ನುಡಿಸುವ ಪಿಕ್ ವಿದರ್ಸ್, ಈ ನಾಲ್ವರು 120 ಪೌಂಡ್ ಖರ್ಚು ಮಾಡಿ ಒಂದು ಪುಟ್ಟ ಸ್ಟುಡಿಯೊದಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿಕೊಂಡರು. ಬಿಬಿಸಿ ರೇಡಿಯೊ ಲಂಡನ್ನಿನಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಚಾರ್ಲಿ ಗಿಲೆಟ್ ಅವರಿಗೆ ಟೇಪನ್ನು ಕೊಟ್ಟದ್ದು ಸಲಹೆ ಕೇಳಲು. ಅವರು ಅದನ್ನು ನೇರವಾಗಿ ರೇಡಿಯೊದಲ್ಲಿ ಹಾಕಿಬಿಟ್ಟರು. ಮುಂದಿನ ವರ್ಷ ಮೊದಲ ಆಲ್ಬಂ ಬಂತು.

‘ಸುಲ್ತಾನ್ಸ್’ ಹಾಡನ್ನು ಈಗ ನೆನಪಿಗೆ ತಂದುಕೊಳ್ಳಿ. ನಾಫ್ಲರ್ ಹಾಡುವುದು ಹಾಡಿದಂತೆಯೂ ಅಲ್ಲ, ಅರ್ಧ ಮಾತು, ಅರ್ಧ ರಾಗ. ಒಂದು ಸಾಲು ಹೇಳಿ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಗಿಟಾರ್ ಎರಡೇ ಎರಡು ಪದದಲ್ಲಿ ಉತ್ತರ ಕೊಡುತ್ತದೆ. ಮತ್ತೆ ಒಂದು ಸಾಲು, ಮತ್ತೆ ಉತ್ತರ. ಜಗಲಿಯ ಮೇಲೆ ಕಥೆ ಹೇಳುವಾಗ ಪಕ್ಕದಲ್ಲಿ ಕುಳಿತವರು ‘ಹೂಂ’ ಎನ್ನುತ್ತಾರಲ್ಲ, ಹಾಗೆ ಶುರುವಾಗಿ, ಬರಬರುತ್ತಾ ಹೂಂಗುಟ್ಟುವವರೇ ಕಥೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಕೊನೆಯ ಗಿಟಾರ್ ಭಾಗದಲ್ಲಿ ಮೂರು ಮೂರು ಸ್ವರಗಳ ಗುಚ್ಛಗಳು ಮಿಂಚಿನ ವೇಗದಲ್ಲಿ ಉದುರುತ್ತವೆ. ಇಷ್ಟು ವೇಗದಲ್ಲಿ ನುಡಿಸುವವರು ಆಗಲೂ ನೂರಾರು ಮಂದಿ ಇದ್ದರು, ಈಗ ಸಾವಿರಾರು ಮಂದಿ ಇದ್ದಾರೆ. ಆದರೆ ಇಲ್ಲಿ ಒಂದೊಂದು ಗುಚ್ಛದ ಮೊದಲ ಸ್ವರಕ್ಕೂ ಒಂದು ಅಕ್ಷರವಿದೆ, ಮೃದಂಗದ ಸೊಲ್ಲಿನ ಹಾಗೆ. ನಾನು ಶಿಷ್ಯರಿಗೆ ಈ ಭಾಗವನ್ನು ಕಲಿಸುವಾಗ ಮೊದಲು ಗಿಟಾರ್ ಕೆಳಗಿಡಿಸಿ, ಬಾಯಲ್ಲಿ ಹೇಳಿಸುತ್ತೇನೆ. ಬಾಯಿಗೆ ಬಾರದ್ದು ಬೆರಳಿಗೆ ಬರುವುದಿಲ್ಲ ಎಂಬುದು ಇಷ್ಟು ವರ್ಷಗಳ ಪಾಠದಲ್ಲಿ ನಾನು ಕಂಡದ್ದು.

ನಾಫ್ಲರ್ ಅವರ ಹೆಸರಾದ ಲೋಹದ ಗಿಟಾರ್ ಬಗ್ಗೆ ಒಂದು ಮಾತು. ನ್ಯಾಷನಲ್ ಸ್ಟೈಲ್ ಓ ಎಂಬ ಮಾದರಿ, 1937ರದ್ದು. ಹಿತ್ತಾಳೆಯ ಮೈಗೆ ನಿಕ್ಕಲ್ ಲೇಪ, ಒಳಗೆ ಅಲ್ಯೂಮಿನಿಯಮ್ಮಿನ ತೆಳುವಾದ ಬೋಗುಣಿ. ತಂತಿಯ ಕಂಪನ ಆ ಬೋಗುಣಿಗೆ ಇಳಿದು ಅಲ್ಲಿಂದ ಹೊಮ್ಮುತ್ತದೆ. ‘ರೋಮಿಯೊ ಅಂಡ್ ಜೂಲಿಯೆಟ್’ ಹಾಡಿನ ಆರಂಭದಲ್ಲಿ ಕೇಳುವುದು ಅದೇ. ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಮೋಡಗಳ ನಡುವೆ ತೇಲುವ ಗಿಟಾರ್ ಕೂಡ ಅದೇ.

ಆ ಆಲ್ಬಮ್ಮಿಗೆ ಬರೋಣ. 1985ರದ್ದು. ಸಿಡಿ ಎಂಬ ಹೊಸ ತಟ್ಟೆ ಜಗತ್ತಿನ ಮನೆಗಳಿಗೆ ಬಂದದ್ದರಲ್ಲಿ ಈ ಆಲ್ಬಮ್ಮಿನ ಪಾಲು ದೊಡ್ಡದು. ಮುದ್ರಣ ಶುರುವಾದದ್ದು 1984ರ ಕೊನೆಯಲ್ಲಿ, ಕೆರಿಬಿಯನ್ ಸಮುದ್ರದ ಮೊಂಟ್ಸೆರಾಟ್ ದ್ವೀಪದ ಸ್ಟುಡಿಯೊದಲ್ಲಿ. ‘ಮನಿ ಫಾರ್ ನಥಿಂಗ್’ ಹಾಡಿಗೆ ನಾಫ್ಲರ್ ತಮ್ಮ ಎಂದಿನ ತಿಳಿ ದನಿಯನ್ನು ಬಿಟ್ಟರು. ಅಮೆರಿಕದ ‘ಜೀಜೀ ಟಾಪ್’ ತಂಡದ ಬಿಲ್ಲಿ ಗಿಬ್ಬನ್ಸ್ ಗಿಟಾರಿನ ದಪ್ಪ, ಗೊರಗೊರ ದನಿಯ ಹತ್ತಿರದ್ದೇನಾದರೂ ಬೇಕು ಎಂದು ಗಿಬ್ಸನ್ ಲೆಸ್ ಪಾಲ್ ಗಿಟಾರ್, ಲೇನಿ ಆಂಪ್ಲಿಫೈಯರ್ ಜೋಡಿಸಿದರು. ಧ್ವನಿಮುದ್ರಣದ ಹೊಣೆ ನೀಲ್ ಡಾರ್ಫ್ಸ್‌ಮನ್ ಅವರದು. ಆಂಪ್ಲಿಫೈಯರ್ ಮುಂದೆ ಮೈಕ್‌ಗಳನ್ನು ಇನ್ನೂ ಸರಿಯಾಗಿ ಜೋಡಿಸಿರಲಿಲ್ಲ. ಒಂದು ಮೈಕ್ ನೆಲದ ಕಡೆ ಮುಖ ಮಾಡಿತ್ತು, ಇನ್ನೊಂದು ಸ್ಪೀಕರಿನಿಂದ ತುಸು ಆಚೆಗೆ ಸರಿದಿತ್ತು. ಅಷ್ಟರಲ್ಲಿ ನಾಫ್ಲರ್ ನುಡಿಸಿದರು, ಒಳಗಿನ ಕೋಣೆಯಲ್ಲಿ ಕುಳಿತವರಿಗೆ ಆ ದನಿ ಕೇಳಿತು. ಯಾವುದನ್ನೂ ಮುಟ್ಟಬೇಡಿ ಎಂದು ಅದನ್ನೇ ಮುದ್ರಿಸಿಕೊಂಡರು. ಆಮೇಲೆ ನ್ಯೂಯಾರ್ಕಿನಲ್ಲಿ ಅದೇ ದನಿಯನ್ನು ಮತ್ತೆ ಹುಟ್ಟಿಸಲು ನೋಡಿದರೆ ಆಗಲಿಲ್ಲ. ಮೊಂಟ್ಸೆರಾಟ್‌ನ ಆ ಸ್ಟುಡಿಯೊ 1989ರ ಚಂಡಮಾರುತದಲ್ಲಿ ಹಾಳಾಯಿತು.

ಈ ಕಥೆಯನ್ನು ಕೇಳಿದವರು ಮೈಕ್ ಎಲ್ಲಿತ್ತು ಎಂಬುದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ನೀವು ಆ ಹಾಡಿನ ಆರಂಭವನ್ನು ಮತ್ತೊಮ್ಮೆ ಕೇಳಿ. ಅಷ್ಟು ದಪ್ಪ ದನಿಯ ನಡುವೆಯೂ ಮೀಟು ಮೀಟೂ ಬಿಡಿಬಿಡಿಯಾಗಿದೆ. ಹೆಬ್ಬೆರಳು ತಗ್ಗಿನ ತಂತಿಯನ್ನು ತಡೆದು ಹಿಡಿಯುತ್ತದೆ, ಬೆರಳುಗಳು ಎರಡು ತಂತಿಗಳನ್ನು ಒಟ್ಟಿಗೆ ಕೀಳುತ್ತವೆ, ನಡುನಡುವೆ ಅದೇ ‘ತ್’, ಅದೇ ಅರ್ಧಾಕ್ಷರ. ಪಿಕ್ ಹಿಡಿದು ಇದನ್ನು ನುಡಿಸಿದರೆ ಗೋಡೆಗೆ ಸಾರಣೆ ಮಾಡಿದ ಹಾಗೆ ಒಂದೇ ಸಮ ಆಗಿಬಿಡುತ್ತದೆ.

ಆಲ್ಬಮ್ಮಿನ ಕೊನೆಯ ಹಾಡು, ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, ‘ಬ್ರದರ್ಸ್ ಇನ್ ಆರ್ಮ್ಸ್’. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಹೊತ್ತಿನಲ್ಲಿ ಹುಟ್ಟಿದ್ದು, ಸಾಯುತ್ತಿರುವ ಸೈನಿಕನೊಬ್ಬನ ಮಾತು. ಇಲ್ಲಿ ನಾಫ್ಲರ್ ಮಾಡಿದ್ದು ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಪೂರ್ತಿ ತದ್ವಿರುದ್ಧ. ಕಾಲ ಕೆಳಗೆ ವಾಲ್ಯೂಮ್ ಪೆಡಲ್ ಇದೆ. ಪೆಡಲನ್ನು ಪೂರ್ತಿ ತಗ್ಗಿಸಿ ತಂತಿಯನ್ನು ಮೀಟುತ್ತಾರೆ, ಆ ಮೀಟು ಯಾರಿಗೂ ಕೇಳುವುದಿಲ್ಲ. ಮೀಟಿದ ನಂತರ ಪಾದವನ್ನು ನಿಧಾನವಾಗಿ ಒತ್ತುತ್ತಾರೆ. ಸ್ವರ ಎಲ್ಲಿಂದಲೋ ಮಂಜಿನ ಹಾಗೆ ಎದ್ದು ಬರುತ್ತದೆ. ವ್ಯಂಜನವನ್ನು ಅಳಿಸಿ ಬರಿಯ ಸ್ವರವನ್ನು ಉಳಿಸಿದ್ದಾರೆ.

ಅತ್ತೆಗೆ ಇದನ್ನೂ ಕೇಳಿಸಿದ್ದೆ, ಮುಂದಿನ ವರ್ಷದ ರಜೆಯಲ್ಲಿ. ಕೊನೆಯವರೆಗೂ ಸುಮ್ಮನೆ ಕೇಳಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. “ಇದರಲ್ಲಿ ಮೀಟು ಎಲ್ಲಿ ಹೋಯಿತು?” ಪೆಡಲ್ ಎಂದರೇನು, ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಹಾಡು ಏನು ಹೇಳುತ್ತದೆ ಎಂದು ಕೇಳಿದರು, ಅದನ್ನೂ ಹೇಳಿದೆ. ಸ್ವಲ್ಪ ಹೊತ್ತಿನ ನಂತರ ಅವರು, “ಉಸಿರು ನಿಲ್ಲುವ ಹೊತ್ತಿಗೆ ಬಾಯಲ್ಲಿ ಅಕ್ಷರ ಕೂಡುವುದಿಲ್ಲ. ಬರಿಯ ದನಿ ಹೊರಡುತ್ತದೆ. ನಿನ್ನ ತಾತನದು ಹಾಗೆಯೇ ಆಯಿತು” ಎಂದರು. ಆ ಹಾಡಿನ ಬಗ್ಗೆ ಆಮೇಲೆ ಎಷ್ಟೋ ಬರಹಗಳನ್ನು ಓದಿದ್ದೇನೆ. ಈ ಮಾತನ್ನು ಮೀರಿಸಿದ್ದು ನನಗೆ ಕಂಡಿಲ್ಲ.

ಎಡಗೈಯ ಬಗ್ಗೆ ಹೇಳದೆ ಹೋದರೆ ಅರ್ಧ ಹೇಳಿದ ಹಾಗೆ. ನಾಫ್ಲರ್ ಹುಟ್ಟಿನಿಂದ ಎಡಚರು. ಆದರೂ ಎಲ್ಲರಂತೆ ಬಲಗೈಯವರ ಗಿಟಾರನ್ನೇ ನುಡಿಸುತ್ತಾರೆ. ಹಾಗಾಗಿ ಅವರ ಬಲಿಷ್ಠವಾದ ಕೈ ಇರುವುದು ಫ್ರೆಟ್ಟುಗಳ ಮೇಲೆ. ತಂತಿಯನ್ನು ಎಳೆದು ಶ್ರುತಿ ಏರಿಸುವಾಗ, ಏರಿದ ಸ್ವರವನ್ನು ಅಲ್ಲಿಯೇ ನಿಲ್ಲಿಸಿ ನಿಧಾನವಾಗಿ ತೂಗುವಾಗ ಆ ಬಲ ಗೊತ್ತಾಗುತ್ತದೆ. ಅವಸರದ ನಡುಕ ಅಲ್ಲಿಲ್ಲ. ಎಷ್ಟೋ ಸಲ ತಂತಿಯನ್ನು ಮೊದಲೇ ಎಳೆದಿಟ್ಟುಕೊಂಡು, ಆಮೇಲೆ ಮೀಟಿ, ಸ್ವರವನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾರೆ, ಪ್ರಶ್ನೆ ಕೇಳಿ ತಾವೇ ನಿಟ್ಟುಸಿರು ಬಿಟ್ಟ ಹಾಗೆ.

2003ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಅವರ ಮೋಟಾರ್ ಸೈಕಲ್‌ಗೆ ಕಾರು ಬಡಿಯಿತು. ಕೊರಳೆಲುಬು, ಹೆಗಲ ಮೂಳೆ, ಏಳು ಪಕ್ಕೆಲುಬು ಮುರಿದವು. ತಿಂಗಳುಗಟ್ಟಲೆ ಗಿಟಾರ್ ಹಿಡಿಯಲಾಗಲಿಲ್ಲ. ಗುಣವಾಗಿ, ಮರುವರ್ಷ ಹೊಸ ಆಲ್ಬಂ ತಂದು, ಅದರ ಪ್ರವಾಸದಲ್ಲಿ 2005ರಲ್ಲಿ ಭಾರತಕ್ಕೂ ಬಂದರು. ಬೆಂಗಳೂರಿನಲ್ಲಿಯೂ ನುಡಿಸಿದರು. ಅಂದು ಅಲ್ಲಿದ್ದವರು ಈ ಸಭೆಯಲ್ಲಿ ಯಾರಾದರೂ ಇದ್ದೀರಾ? ಹೌದು, ಮೂರು ನಾಲ್ಕು ಕೈಗಳು ಕಾಣುತ್ತಿವೆ. ನಾನೂ ಇದ್ದೆ. ಇಪ್ಪತ್ತು ವರ್ಷ ಕಿವಿಯಲ್ಲಿ ಮಾತ್ರ ಇದ್ದ ಕೈಯನ್ನು ಅಂದು ಕಣ್ಣಾರೆ ನೋಡುತ್ತಿದ್ದೆ. ನನ್ನ ಸುತ್ತ ನಿಂತವರಿಗೆಲ್ಲ ಒಂದೊಂದು ಹಾಡೂ ಬಾಯಿಪಾಠ. ನನ್ನ ಕಣ್ಣು ಮಾತ್ರ ಆ ಊರಿಕೊಂಡ ಎರಡು ಬೆರಳುಗಳ ಮೇಲೆ ನೆಟ್ಟಿತ್ತು. ಉಳಿದ ಮೂರು ಬೆರಳುಗಳು ಎಷ್ಟು ಕಡಿಮೆ ಅಲುಗುತ್ತಿದ್ದವು! ಅಕ್ಕಿಯಲ್ಲಿ ಕಲ್ಲು ಆರಿಸುವ ಕೈ ಹೀಗೆಯೇ ಚಲಿಸುತ್ತದೆ, ಬೇಕಾದಷ್ಟೇ. ಅತ್ತೆ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಬೇಕಿತ್ತು ಎಂದು ಆ ರಾತ್ರಿ ಬಹಳ ಅನಿಸಿತು.

2024ರ ಜನವರಿಯಲ್ಲಿ ನಾಫ್ಲರ್ ತಮ್ಮ ಗಿಟಾರುಗಳು, ಆಂಪ್ಲಿಫೈಯರ್‌ಗಳು ಸೇರಿ ನೂರಿಪ್ಪತ್ತಕ್ಕೂ ಹೆಚ್ಚು ಸಾಮಾನುಗಳನ್ನು ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯ ಮೂಲಕ ಹರಾಜಿಗಿಟ್ಟರು. 88 ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು, ಅದರಲ್ಲಿ ಕಾಲು ಭಾಗ ದಾನಕ್ಕೆ ಹೋಯಿತು. ‘ಬ್ರದರ್ಸ್ ಇನ್ ಆರ್ಮ್ಸ್’ ಹಾಡಿನ ಲೆಸ್ ಪಾಲ್ ಕೂಡ ಮಾರಾಟವಾಯಿತು. ಆ ಗಿಟಾರ್ ಕೊಂಡವರು ಭಾಗ್ಯವಂತರು. ಅದೇ ವರ್ಷದ ಏಪ್ರಿಲಿನಲ್ಲಿ ನಾಫ್ಲರ್ ಹೊಸ ಆಲ್ಬಂ ಒಂದನ್ನು ಹೊರತಂದರು. ಕೇಳಿ ನೋಡಿ, ಗಿಟಾರುಗಳು ಹೋದರೂ ಆ ನುಡಿ ಎಲ್ಲಿಗೂ ಹೋಗಿಲ್ಲ.

ಅದೇ ವರ್ಷದ ಮಾರ್ಚಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. 1983ರಲ್ಲಿ ‘ಲೋಕಲ್ ಹೀರೊ’ ಚಲನಚಿತ್ರಕ್ಕೆ ನಾಫ್ಲರ್ ಮಾಡಿದ ವಾದ್ಯಸಂಗೀತವನ್ನು, ಕ್ಯಾನ್ಸರ್ ಪೀಡಿತ ಹದಿಹರೆಯದವರ ನೆರವಿಗಾಗಿ, ಅರವತ್ತಕ್ಕೂ ಹೆಚ್ಚು ಗಿಟಾರ್ ವಾದಕರು ಸೇರಿ ಮತ್ತೆ ನುಡಿಸಿದರು. ಎರಿಕ್ ಕ್ಲಾಪ್ಟನ್, ಡೇವಿಡ್ ಗಿಲ್ಮೋರ್, ಬ್ರಯಾನ್ ಮೇ, ಟೋನಿ ಐಯೊಮಿ ಎಲ್ಲರೂ ಇದ್ದಾರೆ. ಶುರುವಾಗುವುದು ಜೆಫ್ ಬೆಕ್ ಅವರ ಗಿಟಾರಿನಿಂದ. ಅದು ಹೊರಬರುವ ಹೊತ್ತಿಗೆ ಅವರು ತೀರಿಕೊಂಡು ಒಂದು ವರ್ಷ ದಾಟಿತ್ತು. ಅವರೂ ಪಿಕ್ ಬಿಟ್ಟು ಬೆರಳಿನಿಂದ ಮೀಟಿದವರು, ಆದರೆ ನಾಫ್ಲರ್ ದನಿಗೂ ಅವರ ದನಿಗೂ ಯಾವ ಹೋಲಿಕೆಯೂ ಇಲ್ಲ. ಹೆಸರುಗಳ ಪಟ್ಟಿ ನೋಡದೆ ಅದನ್ನು ಒಮ್ಮೆ ಕೇಳಿ. ಯಾರದು ಯಾವ ಮೀಟು ಎಂದು ಬರೆದುಕೊಳ್ಳುತ್ತಾ ಹೋಗಿ.

ಮಾತಿಗೆ ಮುಂಚೆ ಇಲ್ಲಿ ಒಬ್ಬ ಹುಡುಗ ನನ್ನನ್ನು ಕೇಳಿದ, “ಸರ್, ಆ ಟೋನ್ ಬೇಕಾದರೆ ಯಾವ ಪೆಡಲ್ ಕೊಳ್ಳಲಿ?” ಎಂದು. ಒಂದು ತಿಂಗಳು ಏನನ್ನೂ ಕೊಳ್ಳಬೇಡಪ್ಪ. ಪಿಕ್ಕನ್ನು ಅಮ್ಮನ ಕೈಗೆ ಕೊಟ್ಟು, ಎಲ್ಲಿಟ್ಟಿದ್ದಾರೆಂದು ಹೇಳಬೇಡಿ ಎನ್ನು. ದಿನವೂ ಒಂದು ವಾಕ್ಯ ತೆಗೆದುಕೋ, ಮನೆಯಲ್ಲಿ ಯಾರೋ ಆಡಿದ್ದು, ‘ಬಾಗಿಲು ತೆಗಿ, ಮಳೆ ಬಂತು’ ಎಂಬಂಥದ್ದು. ಒಂದೇ ತಂತಿಯ ಮೇಲೆ, ಒಂದೇ ಸ್ವರದಲ್ಲಿ ಅದನ್ನು ಮೀಟಿ ಹೇಳು. ‘ಬಾ’ ಹೆಬ್ಬೆರಳಿಗೆ. ‘ಗಿ’, ‘ಲು’ ತೋರುಬೆರಳಿಗೆ, ಎರಡನೆಯದು ಮೆತ್ತಗೆ. ಪಕ್ಕದ ಕೋಣೆಯಲ್ಲಿರುವವರಿಗೆ ನೀನು ಏನು ಹೇಳಿದೆ ಎಂದು ಅರ್ಥವಾಗದಿರಬಹುದು, ಏನೋ ಹೇಳುತ್ತಿದ್ದೀಯೆ ಎಂದಾದರೂ ಗೊತ್ತಾಗಬೇಕು.

ಗಿಟಾರ್ ಇಲ್ಲಿಯೇ ಇದೆ, ಶ್ರುತಿ ಮಾಡಿಟ್ಟಿದ್ದೇನೆ. ವೀಣೆ ಕಲಿತವರು ಯಾರಾದರೂ ಮೊದಲು ಬನ್ನಿ. ನೀವು, ಮೂರನೇ ಸಾಲಿನಲ್ಲಿ ಹಸಿರು ಸೀರೆ ಉಟ್ಟವರು, ಆಗಿನಿಂದ ನಿಮ್ಮ ಬೆರಳು ತೊಡೆಯ ಮೇಲೆ ಆಡುತ್ತಿರುವುದನ್ನು ನೋಡುತ್ತಲೇ ಇದ್ದೇನೆ.